ಲಂಡನ್ನಿನ ಟ್ರೈನಿಂಗ್ ಕಾಂಟ್ರಾಕ್ಟ್: ಅರ್ಜಿಗೂ ಮೊದಲು ವೀಸಾ ಲೆಕ್ಕ

ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಮುಗಿಸಿದರೆ ಅಲ್ಲೇ ವಕೀಲಿ ಮಾಡಬಹುದು ಎಂದು ನಂಬಿ ಮನೆಪತ್ರ ಅಡವಿಟ್ಟು ಸಾಲ ತೆಗೆಯುವವರು ಈಗಲೂ ಇದ್ದಾರೆ. ಎಲ್‌ಎಲ್‌ಎಂ ಎಂಬ ಕಾನೂನು ಸ್ನಾತಕೋತ್ತರ ಪದವಿಗೂ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗುವುದಕ್ಕೂ ನಿಯಮದ ಮಟ್ಟಿಗೆ ಸಂಬಂಧವಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ವ್ಯವಸ್ಥೆ ಕೇಳುವುದು ಇಷ್ಟನ್ನೇ: ಒಂದು ಪದವಿ (ನಮ್ಮ ಎಲ್‌ಎಲ್‌ಬಿ ಸಾಮಾನ್ಯವಾಗಿ ಸಾಕಾಗುತ್ತದೆ), ಎಸ್‌ಕ್ಯೂಇ ಎಂಬ ಸಾಲಿಸಿಟರ್ ಅರ್ಹತಾ ಪರೀಕ್ಷೆಯ ಎರಡು ಹಂತ, ಎರಡು ವರ್ಷದ ಅರ್ಹ ಕೆಲಸದ ಅನುಭವ, ನಡತೆಯ ತಪಾಸಣೆ. ಟ್ರೈನಿಂಗ್ ಕಾಂಟ್ರಾಕ್ಟ್ ಎಂದರೆ ಆ ಎರಡು ವರ್ಷದ ಅನುಭವವನ್ನು ಒಂದೇ ಲಾ ಫರ್ಮ್‌ನಲ್ಲಿ, ಸಾಮಾನ್ಯವಾಗಿ ಆರಾರು ತಿಂಗಳಿಗೆ ವಿಭಾಗ ಬದಲಿಸುತ್ತಾ, ಸಂಬಳದೊಂದಿಗೆ ಪಡೆಯುವ ಕೆಲಸ.

ದೊಡ್ಡ ಫರ್ಮ್‌ಗಳು ಕೆಲಸ ಶುರುವಾಗುವ ಎರಡು ವರ್ಷ ಮೊದಲೇ ಆಯ್ಕೆ ಮುಗಿಸುತ್ತವೆ. ಹೆಚ್ಚಿನವರನ್ನು ವೆಕೇಶನ್ ಸ್ಕೀಮ್ ಎಂಬ ಕೆಲವೇ ವಾರಗಳ ಇಂಟರ್ನ್‌ಶಿಪ್‌ನಲ್ಲಿ ನೋಡಿ ಆರಿಸುತ್ತವೆ. ಅದರ ಅರ್ಜಿ ಹಲವೆಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತೆರೆದು ಡಿಸೆಂಬರ್, ಜನವರಿ ಹೊತ್ತಿಗೆ ಮುಚ್ಚುತ್ತದೆ. 2026ರ ಸೆಪ್ಟೆಂಬರ್‌ನಲ್ಲಿ ಎಲ್‌ಎಲ್‌ಎಂಗೆ ಸೇರುವವರ ಲೆಕ್ಕ ಹಾಕಿ. ಬಾಡಿಗೆ ಕೋಣೆ ಹುಡುಕುವ ತಿಂಗಳಲ್ಲೇ ಅರ್ಜಿ ಹೋಗಬೇಕು. ಆಯ್ಕೆಯಾದರೂ ಕೆಲಸ ಶುರುವಾಗುವುದು 2029ರ ಆಸುಪಾಸು. ಓದು ಮುಗಿದ ಮೇಲಿನ ಗ್ರಾಜುಯೇಟ್ ವೀಸಾ, 2027ರ ಜನವರಿ 1ರ ನಂತರ ಅರ್ಜಿ ಹಾಕುವವರಿಗೆ, ಎರಡು ವರ್ಷದ ಬದಲು 18 ತಿಂಗಳು ಮಾತ್ರ. 2027ರ ಕೊನೆಗೆ ಸಿಕ್ಕಿದ ವೀಸಾ 2029ರ ನಡುವೆಯೇ ಮುಗಿಯುತ್ತದೆ. ‘ಅಲ್ಲಿಗೆ ಹೋಗಿ ನೋಡೋಣ’ ಎಂದು ಹೊರಟವರು ಸಿಕ್ಕಿಹಾಕಿಕೊಳ್ಳುವುದು ಈ ಸಂದಿನಲ್ಲೇ. ಎಲ್‌ಎಲ್‌ಬಿ ಮುಗಿಯುವ ಹಿಂದಿನ ವರ್ಷವೇ ಊರಿನಿಂದ ಅರ್ಜಿ ಹಾಕುವುದು ಅಗ್ಗ, ಜಾಣತನವೂ ಹೌದು. ಫಾರಂ, ವಾಟ್ಸನ್ ಗ್ಲೇಸರ್ ತರ್ಕ ಪರೀಕ್ಷೆ, ಮೊದಲ ಸುತ್ತಿನ ಸಂದರ್ಶನ ಬಹುತೇಕ ಆನ್‌ಲೈನ್. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಿಂದ ಲಂಡನ್ನಿಗೆ ಹೋದ ಅನೇಕರ ದಾರಿ ಇದೇ.

ಫಾರಂನಲ್ಲಿ ‘ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕೇ?’, ಅಂದರೆ ನಿಮ್ಮ ಕೆಲಸದ ವೀಸಾಗೆ ಫರ್ಮ್ ಪ್ರಾಯೋಜಕನಾಗಬೇಕೇ, ಎಂಬ ಪ್ರಶ್ನೆ ಇರುತ್ತದೆ. ಗ್ರಾಜುಯೇಟ್ ವೀಸಾ ಕೈಲಿದ್ದರೂ ಉತ್ತರ ‘ಹೌದು’. ಸುಳ್ಳು ಹೇಳಿದರೆ ಮುಂದೆ ನಡತೆಯ ತಪಾಸಣೆಯಲ್ಲೇ ಕಾಲಿಗೆ ತೊಡರುತ್ತದೆ. ಫರ್ಮ್‌ಗೆ ಸ್ಪಾನ್ಸರ್ ಪರವಾನಗಿ ಇದೆಯೇ ಎಂಬುದನ್ನು ಬ್ರಿಟನ್ ಸರ್ಕಾರದ ಸಾರ್ವಜನಿಕ ಪಟ್ಟಿಯಲ್ಲಿ ನೋಡಬಹುದು. ಪರವಾನಗಿ ಇದ್ದ ಮಾತ್ರಕ್ಕೆ ಆಗಲಿಲ್ಲ. 2025ರ ಜುಲೈನಿಂದ ಈ ಸ್ಪಾನ್ಸರ್‌ಶಿಪ್ ಮೇಲೆ ಸಿಗುವ ಸ್ಕಿಲ್ಡ್ ವರ್ಕರ್ ವೀಸಾಗೆ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್. ಹೊಸಬರೆಂಬ ರಿಯಾಯಿತಿ ಸಿಕ್ಕವರಿಗೆ 33,400 ಪೌಂಡ್ ಅಥವಾ ಆ ಹುದ್ದೆಗೆ ನಿಗದಿಯಾದ ದರದ ಶೇ 70, ಯಾವುದು ಹೆಚ್ಚೋ ಅದು. ಲಂಡನ್ನಿನ ದೊಡ್ಡ ಫರ್ಮ್‌ಗಳ ಟ್ರೈನಿ ಸಂಬಳ ಇದನ್ನು ದಾಟುತ್ತದೆ. ಸಣ್ಣ ಊರಿನ ಫರ್ಮ್ ಎಷ್ಟೇ ಮೆಚ್ಚಿಕೊಂಡರೂ ಅದರ ಸಂಬಳಕ್ಕೆ ಸಾಮಾನ್ಯವಾಗಿ ವೀಸಾ ಹುಟ್ಟುವುದಿಲ್ಲ. ನೂರು ಕಡೆ ಒಂದೇ ಪತ್ರ ಕಳಿಸುವ ಬದಲು ಇವೆರಡನ್ನೂ ನೋಡಿ ಹತ್ತು ಫರ್ಮ್ ಆರಿಸಿಕೊಳ್ಳಿ.

ಸಿವಿಯಿಂದ ಫೋಟೊ, ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಕೊನೆಯ ‘ಮೇಲ್ಕಂಡ ವಿವರಗಳು ಸತ್ಯ’ ಎಂಬ ಸಹಿ ಎಲ್ಲವನ್ನೂ ತೆಗೆಯಿರಿ. ಅಂಕಗಳನ್ನು ನೀವೇ ಬ್ರಿಟನ್ನಿನ ದರ್ಜೆಗೆ ಪರಿವರ್ತಿಸಬೇಡಿ. ಅಂಕಪಟ್ಟಿಯಲ್ಲಿ ಇರುವಂತೆ ಬರೆದು, ತರಗತಿಯಲ್ಲಿ ಎಷ್ಟನೆಯವರು ಎಂಬುದಕ್ಕೆ ದಾಖಲೆ ಇದ್ದರೆ ಸೇರಿಸಿ. ನಮ್ಮಲ್ಲಿ ಶೇ 65 ಒಳ್ಳೆಯ ಅಂಕ ಎಂಬುದು ಓದುವವರಿಗೆ ಹೊಳೆಯುವುದು ಆಗಲೇ. ಅನುಭವದ ಭಾಗದಲ್ಲಿ ‘ಸೀನಿಯರ್ ಬಳಿ ಸಿವಿಲ್, ಕ್ರಿಮಿನಲ್ ಕೇಸುಗಳಲ್ಲಿ ಸಹಾಯ ಮಾಡಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಗೋದಾಮು ಬಾಡಿಗೆಯ ದಾವೆಯಲ್ಲಿ ಪ್ರತಿವಾದಿಯ ಲಿಖಿತ ಹೇಳಿಕೆಯ ಮೊದಲ ಕರಡು ಬರೆದೆ, ದಾಖಲೆಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ನೋಟಿಸ್ ಅವಧಿ ತುಂಬದಿರುವುದು ಕಂಡಿತು, ಅದನ್ನೇ ಆಕ್ಷೇಪಣೆಯಾಗಿ ಎತ್ತಿದೆವು’ ಎಂದರೆ ನೀವು ಏನು ಬಲ್ಲಿರಿ ಎಂಬುದು ತಿಳಿಯುತ್ತದೆ. ‘138 ಕೇಸು’ ಎಂದು ಬರೆದರೆ ಅಲ್ಲಿ ಯಾರಿಗೂ ಅರ್ಥವಾಗದು. ಚೆಕ್ ಬೌನ್ಸ್ ಪ್ರಕರಣ ಎಂದು ಬಿಡಿಸಿ ಹೇಳಿ.

ಆಯ್ಕೆಯಾದವರ ಎಸ್‌ಕ್ಯೂಇ ಖರ್ಚನ್ನು ದೊಡ್ಡ ಫರ್ಮ್‌ಗಳೇ ಭರಿಸುತ್ತವೆ. ಸ್ವಂತ ಖರ್ಚಿನಲ್ಲಿ ಬರೆಯುವವರಿಗೆ ಎರಡೂ ಹಂತದ ಶುಲ್ಕವೇ 4,900 ಪೌಂಡ್ ಆಸುಪಾಸು, ಕೋಚಿಂಗ್ ಬೇರೆ. ಮೊದಲ ಹಂತ 360 ಬಹು ಆಯ್ಕೆ ಪ್ರಶ್ನೆ, ಪುಸ್ತಕ ನೋಡುವಂತಿಲ್ಲ, ಪ್ರಶ್ನೆಗೆ ಎರಡು ನಿಮಿಷವೂ ಸಿಗದು. ಬರೆದವರಲ್ಲಿ ಪಾಸಾಗುವವರು ಹೆಚ್ಚುಕಡಿಮೆ ಅರ್ಧದಷ್ಟೇ. ಇದನ್ನು ಭಾರತದಲ್ಲೇ ಬರೆಯಬಹುದು. ಎರಡನೆಯ ಹಂತದ ಮೌಖಿಕ ಭಾಗಕ್ಕೆ ಬ್ರಿಟನ್ನಿಗೆ ಹೋಗಲೇಬೇಕು. ನಮ್ಮಲ್ಲಿ ಕಾಂಟ್ರಾಕ್ಟ್ ಕಾಯ್ದೆ ಚೆನ್ನಾಗಿ ಓದಿದವರೂ ಅವರ ಭೂ ಕಾನೂನು, ಟ್ರಸ್ಟ್, ಸಾಲಿಸಿಟರ್ ಲೆಕ್ಕಪತ್ರದಲ್ಲಿ ಎಡವುತ್ತಾರೆ.

ಭಾರತದಲ್ಲಿ ಈಗಾಗಲೇ ಸನ್ನದು (ಬಾರ್ ಕೌನ್ಸಿಲ್ ನೋಂದಣಿ) ಪಡೆದ ವಕೀಲರಿಗೆ ಇನ್ನೊಂದು ಬಾಗಿಲಿದೆ: ಎರಡು ವರ್ಷದ ಅನುಭವದ ಷರತ್ತು ಅವರಿಗಿಲ್ಲ, ಟ್ರೈನಿಂಗ್ ಕಾಂಟ್ರಾಕ್ಟ್ ಬೆನ್ನು ಹತ್ತಬೇಕಾಗಿಲ್ಲ. ಆದರೆ ಎಐಬಿಇ (ಅಖಿಲ ಭಾರತ ಬಾರ್ ಪರೀಕ್ಷೆ) ಪಾಸಾಗದ ತಾತ್ಕಾಲಿಕ ನೋಂದಣಿಯನ್ನು ನೆಚ್ಚಿಕೊಳ್ಳಬೇಡಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರುವವರು ರಾಜ್ಯ ಬಾರ್ ಕೌನ್ಸಿಲಿಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ಸನ್ನದು ಅಮಾನತಿಗೆ ಬರೆದುಕೊಡುವ ಮೊದಲೇ ಸನ್ನಡತೆ ಪ್ರಮಾಣಪತ್ರ ಪಡೆದುಕೊಳ್ಳಿ. ಹಿಂದುಮುಂದಾದರೆ ತಿಂಗಳುಗಟ್ಟಲೆ ಅಲೆದಾಟ.

ಸನ್ನದಿಲ್ಲದ ಪದವೀಧರರಿಗೆ ಬೆಂಗಳೂರಿನಲ್ಲೇ ಅನುಭವ ಕೂಡಿಸುವ ದಾರಿಯೂ ಇದೆ. ಅರ್ಹ ಅನುಭವ ಗರಿಷ್ಠ ನಾಲ್ಕು ಸಂಸ್ಥೆಗಳಲ್ಲಿ ಹಂಚಿರಬಹುದು, ಇಂಗ್ಲೆಂಡಿನ ಹೊರಗೂ ಆಗಿರಬಹುದು. ಬೇಕಾದ್ದು ದೃಢೀಕರಿಸಲು ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಬ್ಬ ಸಾಲಿಸಿಟರ್. ವಿದೇಶಿ ಕಂಪನಿಗಳ ಇಲ್ಲಿನ ಕಾನೂನು ವಿಭಾಗಕ್ಕೆ ಸೇರುವಾಗಲೇ ಅಂಥವರು ತಂಡದಲ್ಲಿದ್ದಾರೆಯೇ ಎಂದು ಕೇಳಿ. ಅವರು ಹೊರಗಿನವರಾದರೆ ನಿಮ್ಮ ಕೆಲಸವನ್ನು ನೇರವಾಗಿ ನೋಡಿ ಬಲ್ಲವರಾಗಿರಬೇಕು, ಪರಿಚಯದ ಸಹಿ ನಡೆಯದು. ಮಾಡಿದ ಕೆಲಸವನ್ನು ವಾರವಾರ ಬರೆದಿಟ್ಟು, ಸಂಸ್ಥೆ ಬಿಡುವ ಮೊದಲೇ ದೃಢೀಕರಣ ಮಾಡಿಸಿಕೊಳ್ಳಿ. ಆ ಸಾಲಿಸಿಟರ್ ಕೆಲಸ ಬದಲಿಸಿದ ಮೇಲೆ ಹುಡುಕಿ ಹಿಡಿಯುವುದು ಕಷ್ಟ.