ಓದುಗರ ಪ್ರಶ್ನೆ: ಗ್ಯಾಸ್ಟ್ರಿಕ್ ಮಾತ್ರೆ ತಿಂಡಿಗೆ ಮುಂಚೆಯೇ ಯಾಕೆ?

"ಸಾರ್, ಡಾಕ್ಟ್ರು ಪ್ಯಾಂಟೊಪ್ರಜೋಲ್ ಬೆಳಿಗ್ಗೆ ತಿಂಡಿಗೆ ಮುಂಚೆ ಅಂತ ಬರೆದಿದ್ದಾರೆ. ನನಗೆ ಎದೆಯುರಿ ಬರೋದು ಮಧ್ಯಾಹ್ನ ಊಟ ಆದಮೇಲೆ. ಉರಿ ಬಂದಾಗಲೇ ತಗೊಂಡ್ರೆ ಆಗಲ್ವಾ?"

ಆಗಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ದಿನಕ್ಕೆ ನಾಲ್ಕು ಸಲ ಹೇಳುವ ಮಾತಿದು. ಕೇಳಿದವರು ತಲೆಯಾಡಿಸಿ ಹೋಗುತ್ತಾರೆ, ಮುಂದಿನ ತಿಂಗಳು ಅದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಹಾಗಾಗಿ ಈ ಸಲ ಕಾರಣವನ್ನೇ ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಾದರೆ ಹೊತ್ತು ತಾನಾಗಿ ನೆನಪಿರುತ್ತದೆ.

ಎಲ್ಲ ಎಡವಟ್ಟಿಗೂ ಮೂಲ ಒಂದೇ ನಂಬಿಕೆ: ಮಾತ್ರೆ ಹೊಟ್ಟೆಗೆ ಬೀಳುತ್ತದೆ, ಅಲ್ಲಿರುವ ಆಸಿಡ್ ಮೇಲೆ ಬೆಂಕಿಗೆ ನೀರು ಸುರಿದ ಹಾಗೆ ಕೆಲಸ ಮಾಡುತ್ತದೆ. ಜೆಲುಸಿಲ್ ಮಾಡುವುದು ಅದನ್ನೇ, ಈನೋ ಮಾಡುವುದೂ ಅದನ್ನೇ. ಆದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಂದು 'ಪ್ರಜೋಲ್' ಬಾಲ ಇರುವ ಯಾವ ಔಷಧಿಯೂ ಹೊಟ್ಟೆಯೊಳಗೆ ಆಗಲೇ ತುಂಬಿರುವ ಆಸಿಡ್ಡಿನ ಒಂದು ಹನಿಯನ್ನೂ ಮುಟ್ಟುವುದಿಲ್ಲ.

ನಂಬಿಕೆ ಬರದಿದ್ದರೆ ಒಂದು ಒಮೆಪ್ರಜೋಲ್ ಕ್ಯಾಪ್ಸೂಲನ್ನು ತಟ್ಟೆಯ ಮೇಲೆ ಬಿಚ್ಚಿ ನೋಡಿ. ಒಳಗೆ ಪುಡಿ ಇರುವುದಿಲ್ಲ, ಸಾಸಿವೆಯ ಹಾಗೆ ಉರುಳಾಡುವ ಸಣ್ಣ ಸಣ್ಣ ಗುಂಡುಗಳು ಇರುತ್ತವೆ. ಒಂದೊಂದು ಗುಂಡಿಗೂ ಆಸಿಡ್ಡಿಗೆ ಕರಗದ ಲೇಪನ ಕೊಟ್ಟಿರುತ್ತಾರೆ. ಪ್ಯಾಂಟೊಪ್ರಜೋಲ್ ಮಾತ್ರೆಯ ನುಣುಪು ಹೊದಿಕೆಯೂ ಅದಕ್ಕೇ. ಸ್ಟ್ರಿಪ್ ಮೇಲೆ 'ಗ್ಯಾಸ್ಟ್ರೋ ರೆಸಿಸ್ಟೆಂಟ್', ಅಂದರೆ ಜಠರದಲ್ಲಿ ಕರಗದ್ದು, ಎಂದು ಬರೆದಿರುವುದನ್ನು ಓದಿಕೊಳ್ಳಿ. ಆಸಿಡ್ಡನ್ನು ತಣಿಸಲು ಹೊರಟ ಔಷಧಿಗೆ ಆಸಿಡ್ಡಿನಿಂದಲೇ ಇಷ್ಟು ರಕ್ಷಣೆ ಯಾಕೆ ಬೇಕು? ಹೊದಿಕೆ ಇಲ್ಲದೆ ಹೊಟ್ಟೆಗೆ ಬಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ.

ಹೋದ ವರ್ಷ ಒಬ್ಬ ಸೊಸೆ ಬಂದು, "ಎರಡು ತಿಂಗಳಾಯ್ತು, ಮಾವನಿಗೆ ಮಾತ್ರೆ ಹಿಡೀತಾನೇ ಇಲ್ಲ" ಎಂದರು. ವಿಚಾರಿಸಿದರೆ, ಮಾವನಿಗೆ ನುಂಗಲು ಕಷ್ಟ ಎಂದು ದಿನವೂ ಕುಟ್ಟಾಣಿಯಲ್ಲಿ ಪುಡಿ ಮಾಡಿ ನೀರಿಗೆ ಬೆರೆಸಿ ಕುಡಿಸುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಕುಟ್ಟಿದ್ದರಿಂದ ಹೊದಿಕೆ ಒಡೆದು, ಔಷಧಿ ಬಹುಪಾಲು ಹೊಟ್ಟೆಯಲ್ಲೇ ಸತ್ತುಹೋಗುತ್ತಿತ್ತು. ಇಂಥವರು ಡಾಕ್ಟರಿಗೆ ಹೇಳಿದರೆ ಕ್ಯಾಪ್ಸೂಲ್ ಬರೆದುಕೊಡುತ್ತಾರೆ. ಕೆಲವು ಕ್ಯಾಪ್ಸೂಲುಗಳನ್ನು ಬಿಚ್ಚಿ, ಗುಂಡುಗಳನ್ನು ಒಂದು ಚಮಚ ಮೊಸರಿನಲ್ಲಿ ಹಾಕಿ, ಅಗಿಯದೆ ನುಂಗಿಸಬಹುದು.

ಹಾಗಾದರೆ ಮಾತ್ರೆ ಹೋಗುವುದು ಎಲ್ಲಿಗೆ? ಜಠರ ದಾಟಿ ಸಣ್ಣ ಕರುಳಿಗೆ. ಅಲ್ಲಿ ಹೊದಿಕೆ ಕರಗಿ, ಔಷಧಿ ರಕ್ತ ಸೇರಿ, ಊರೆಲ್ಲ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಜಠರದ ಗೋಡೆಗೆ ವಾಪಸ್ ಬರುತ್ತದೆ. ಆ ಗೋಡೆಯಲ್ಲಿ ಪೆರೈಟಲ್ ಕೋಶಗಳಿವೆ, ಆಸಿಡ್ ತಯಾರಾಗುವುದು ಅಲ್ಲಿ. ಪೊಟ್ಯಾಶಿಯಂ ಒಳಗೆಳೆದುಕೊಂಡು, ಆಸಿಡ್ಡಿಗೆ ಹುಳಿ ಕೊಡುವ ಹೈಡ್ರೋಜನ್ ಅಯಾನು ಎಂಬ ಕಣಗಳನ್ನು ಹೊರಗೆ ತಳ್ಳುವ ಪಂಪುಗಳು ಈ ಕೋಶದಲ್ಲಿವೆ. ರಕ್ತದಲ್ಲಿರುವುದಕ್ಕಿಂತ 10 ಲಕ್ಷ ಪಟ್ಟು ಹೆಚ್ಚು ಸಾಂದ್ರವಾಗಿ ತಳ್ಳುತ್ತವೆ! ನಾನು ವಿದ್ಯಾರ್ಥಿಯಾಗಿದ್ದಾಗ ಈ ಲೆಕ್ಕ ಓದಿ ಬೆರಗಾಗಿದ್ದೆ, ಈಗಲೂ ಆ ಬೆರಗು ಹೋಗಿಲ್ಲ.

ಹೊಟ್ಟೆ ಖಾಲಿ ಇರುವಾಗ ಈ ಪಂಪುಗಳಲ್ಲಿ ಹೆಚ್ಚಿನವು ಕೋಶದೊಳಗೆ ಮಲಗಿರುತ್ತವೆ. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂದರೆ ಸಾಕು, ಮೆದುಳಿನಿಂದ ನರದ ಮೂಲಕ ಸುದ್ದಿ ಹೋಗುತ್ತದೆ. ತುತ್ತು ಒಳಗೆ ಬೀಳುತ್ತಿದ್ದಂತೆ ಗ್ಯಾಸ್ಟ್ರಿನ್, ಹಿಸ್ಟಮಿನ್ ಎಂಬ ದೇಹದ್ದೇ ಸಂದೇಶ ರಾಸಾಯನಿಕಗಳೂ ಕೈಜೋಡಿಸುತ್ತವೆ. ಆಗ ಪಂಪುಗಳು ಎದ್ದು, ಕೋಶದೊಳಗಿನ ಸಣ್ಣ ಕಾಲುವೆಗಳ ಅಂಚಿಗೆ ಬಂದು ಓಡತೊಡಗುತ್ತವೆ. ರಕ್ತದಿಂದ ಬಂದ ಔಷಧಿ ಆ ಕಾಲುವೆಗೆ ಇಳಿದು, ಅಲ್ಲಿನ ಆಸಿಡ್ ತಾಗಿದ ಮೇಲೆಯೇ ರೂಪ ಬದಲಿಸಿ ಪಂಪಿಗೆ ಬೀಗ ಹಾಕುತ್ತದೆ. ಓಡುತ್ತಿರುವ ಪಂಪಿಗೆ ಮಾತ್ರ. ಮಲಗಿರುವ ಪಂಪು ಅದರ ಕೈಗೆ ಸಿಗುವುದಿಲ್ಲ.

ಈ ಔಷಧಿ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಆದ್ದರಿಂದ ನೀವು ತಿಂಡಿ ತಿಂದು ಪಂಪುಗಳು ಏಳುವ ಹೊತ್ತಿಗೆ ಅದು ರಕ್ತದಲ್ಲಿ ಸಿದ್ಧವಾಗಿರಬೇಕು. 'ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ' ಎನ್ನುವ ಲೆಕ್ಕ ಬಂದಿದ್ದು ಹೀಗೆ. ಮಾತ್ರೆ ನುಂಗಿ ತಿಂಡಿಯನ್ನೇ ಬಿಟ್ಟು ಕೆಲಸಕ್ಕೆ ಓಡುವವರಿಗೂ ಇದೇ ಉತ್ತರ. ಊಟವಾಗಿ ಉರಿ ಹತ್ತಿದ ಮೇಲೆ ನುಂಗಿದರೆ, ಮಾತ್ರೆ ಅನ್ನದ ಜೊತೆ ಜಠರದಲ್ಲೇ ಕಾಯುತ್ತದೆ. ಅದು ರಕ್ತಕ್ಕೆ ಬರುವಷ್ಟರಲ್ಲಿ ಪಂಪುಗಳು ತಮ್ಮ ಕೆಲಸ ಮುಗಿಸಿರುತ್ತವೆ. ಮೊದಲ ದಿನ ಎಲ್ಲ ಪಂಪುಗಳೂ ಸಿಗುವುದಿಲ್ಲ. ಪೂರ್ತಿ ಪರಿಣಾಮಕ್ಕೆ 3ರಿಂದ 5 ದಿನ ಬೇಕು. "ಒಂದು ನುಂಗಿದೆ, ಏನೂ ಆಗಲಿಲ್ಲ" ಎಂದು ಎರಡನೇ ದಿನಕ್ಕೇ ಕೈಬಿಡಬೇಡಿ. ಆ ಕ್ಷಣದ ಉರಿಗೆ ಜೆಲುಸಿಲ್ ಇದೆ.

ಪಂಪಿಗೆ ಬೀಗ ಎಂದ ಕೂಡಲೇ ಕೋಶವೇ ಸತ್ತುಹೋಯಿತೇನೋ ಎಂದು ಹೆದರಬೇಡಿ. ಕೋಶ ಬದುಕಿಯೇ ಇರುತ್ತದೆ, ಹೊಸ ಪಂಪುಗಳನ್ನು ಕಟ್ಟುತ್ತಲೇ ಇರುತ್ತದೆ. ನಿಜವಾದ ತೊಂದರೆ ಬೇರೆ. ಆಸಿಡ್ ಕಡಿಮೆಯಾದಾಗ ದೇಹ ಗ್ಯಾಸ್ಟ್ರಿನ್ ಹೆಚ್ಚಿಸುತ್ತದೆ, ಅದು ಹಿಸ್ಟಮಿನ್ ಸುರಿಸುವ ಕೋಶಗಳನ್ನು ಬೆಳೆಸುತ್ತದೆ. ತಿಂಗಳುಗಟ್ಟಲೆ ತಗೊಂಡು ಒಂದು ದಿನ ತಟ್ಟನೆ ನಿಲ್ಲಿಸಿದರೆ ಆಸಿಡ್ ಮೊದಲಿಗಿಂತ ಜೋರಾಗಿ ಬರುತ್ತದೆ. ಡೆನ್ಮಾರ್ಕ್‌ನಲ್ಲಿ ಯಾವ ಹೊಟ್ಟೆ ತೊಂದರೆಯೂ ಇಲ್ಲದ 120 ಜನರ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. 8 ವಾರ ಇದೇ ಗುಂಪಿನ ಎಸೊಮೆಪ್ರಜೋಲ್ ತಗೊಂಡು ಬಿಟ್ಟವರಲ್ಲಿ ಶೇ. 44ರಷ್ಟು ಮಂದಿಗೆ ಮುಂದಿನ 4 ವಾರಗಳಲ್ಲಿ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿತು. ಬರೀ ಡಮ್ಮಿ ಮಾತ್ರೆ ತಗೊಂಡವರಲ್ಲಿ ಅದು ಶೇ. 15. ಮೊದಲು ಇಲ್ಲದ ಉರಿ ಮಾತ್ರೆ ಬಿಟ್ಟ ಮೇಲೆ ಬಂತು!

"ಬಿಟ್ಟರೆ ತಡೆಯೋಕಾಗಲ್ಲ, ಅಂದಮೇಲೆ ಜೀವನಪೂರ್ತಿ ಬೇಕು" ಎಂದು ಎಷ್ಟೋ ಜನ ಚೀಟಿ ಇಲ್ಲದೆ ವರ್ಷಗಟ್ಟಲೆ ಕೊಂಡು ನುಂಗುತ್ತಿದ್ದಾರೆ. ನನ್ನ ಅಂಗಡಿಗೂ ಬರುತ್ತಾರೆ, ನನಗೆ ಸಂಕಟವಾಗುತ್ತದೆ. ಡಾಕ್ಟರ ಹತ್ತಿರ ಹೋಗಿ, ಡೋಸ್ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಮಾಡಿ ನಿಲ್ಲಿಸುವ ದಾರಿ ಕೇಳಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ದಿನವೂ ತಗೊಳ್ಳುವವರು, ಹಿಂದೆ ಹುಣ್ಣಾಗಿ ರಕ್ತ ಹೋದವರು ತಾವಾಗಿ ನಿಲ್ಲಿಸಲೇಬಾರದು. ಅವರಿಗೆ ಅದು ಕಾವಲು. ಉಳಿದವರು ಮುಂದಿನ ಸಲ ಸ್ಟ್ರಿಪ್ ಕೇಳುವಾಗ, ಎಷ್ಟು ದಿನದಿಂದ ತಗೊಳ್ಳುತ್ತಿದ್ದೀರಿ ಎಂದು ನಾನು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.