ರಿನೀವಲ್ ಎಂಬುದು ಕಾನೂನಿನಲ್ಲೇ ಇಲ್ಲ

ಹೋದ ವರ್ಷ ಆಳಂದ ತಾಲ್ಲೂಕಿನ ನಮ್ಮೂರ ವಾಚನಾಲಯ ಸಂಘದ ಅಧ್ಯಕ್ಷರು ತೀರಿಕೊಂಡರು. ಕರೆಂಟ್ ಬಿಲ್ಲಿಗೆ ದುಡ್ಡು ತೆಗೆಯಲು ಹೋದರೆ, ಚೆಕ್ಕಿಗೆ ಹೊಸ ಸಹಿ ಬೇಕಲ್ಲ, ಆಡಳಿತ ಮಂಡಳಿಯ ದೃಢೀಕೃತ ಪಟ್ಟಿ ತನ್ನಿ ಎಂದಿತು ಬ್ಯಾಂಕು. ನೋಂದಣಿ ಕಚೇರಿಯಲ್ಲಿದ್ದ ಕಡೆಯ ಪಟ್ಟಿ ಒಂಬತ್ತು ವರ್ಷ ಹಳೆಯದು. ಅದರಲ್ಲಿದ್ದ ಏಳು ಹೆಸರಿನಲ್ಲಿ ಮೂವರು ಈಗಿಲ್ಲ. 'ರಿನೀವಲ್ ಮಾಡಿಸಿಲ್ಲೇನ್ರಿ?' ಎಂದು ಪಕ್ಕದಲ್ಲಿ ನಿಂತಿದ್ದವರೊಬ್ಬರು ಮರುಕಪಟ್ಟರು.

ಬೀದರಿನಿಂದ ಯಾದಗಿರಿವರೆಗೆ ಸಂಘ ನಡೆಸುವವರ ಬಾಯಲ್ಲಿ ಇರುವುದು ಈ ಒಂದೇ ಮಾತು. ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಅಂಥದ್ದೇನೂ ಇಲ್ಲ. ಏಳು ಜನ ಸೇರಿ ಒಮ್ಮೆ ನೋಂದಾಯಿಸಿದರೆ ಮುಗಿಯಿತು, ಅದಕ್ಕೆ ಅವಧಿಯಿಲ್ಲ. ಕಾಯ್ದೆ ಕೇಳುವುದೇ ಬೇರೆ: ವರ್ಷಕ್ಕೊಮ್ಮೆ ಸದಸ್ಯರನ್ನೆಲ್ಲ ಕರೆದು ಮಹಾಸಭೆ ಮಾಡಿ, ಲೆಕ್ಕ ಒಪ್ಪಿಸಿ, ಆಮೇಲೆ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕಪತ್ರವನ್ನೂ ಸಲ್ಲಿಸಿ. 13ನೇ ಕಲಮು ಹೇಳುವುದಿಷ್ಟೇ. ಅದಕ್ಕೇ ನಾವು ರಿನೀವಲ್ ಎಂದು ಹೆಸರಿಟ್ಟಿದ್ದೇವೆ.

ಈ ಹೆಸರಿಗೆ ನಮ್ಮ ಭಾಗದ ಹಳೆಯ ನೆನಪೂ ಕಾರಣವಿರಬಹುದು ಎಂಬುದು ನನ್ನ ಗುಮಾನಿ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಸೀಮೆ. 'ಗಸ್ತಿ ನಿಶಾನ್ 53' ಎಂಬ ಕುಖ್ಯಾತ ಸುತ್ತೋಲೆಯಿತ್ತು. ಮುಂಚಿತವಾಗಿ ಅಪ್ಪಣೆ ಪಡೆಯದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ಕಲಬುರಗಿಯ ನೂತನ ವಿದ್ಯಾಲಯದಂಥ ಸಂಸ್ಥೆಗಳು ಹುಟ್ಟಿ ಬೆಳೆದದ್ದು ಆ ಕಾಲದಲ್ಲೇ. ಸಂಘಗಳ ನೋಂದಣಿಗೆಂದು ಹೈದರಾಬಾದಿನಲ್ಲಿ ಬಂದ ಕಾಯ್ದೆ 1350 ಫಸಲಿಯದು; ಫಸಲಿ ಎಂದರೆ ಆಗ ಕಂದಾಯಕ್ಕೆ ಬಳಸುತ್ತಿದ್ದ ವರ್ಷದ ಲೆಕ್ಕ. ಫಸಲಿಗೆ 590 ಕೂಡಿಸಿದರೆ ಇಸವಿ, ಅಂದರೆ 1940ರ ಆಸುಪಾಸು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದ ಮೇಲೂ ಅದು ಉಳಿದಿತ್ತು. ತೆಗೆದುಹಾಕಿದ್ದು 1960ರ ಕಾಯ್ದೆ. ಸರ್ಕಾರದ ಮೊಹರನ್ನು ಪರವಾನಗಿ ಎಂದು ನೋಡಿ ಅಭ್ಯಾಸವಾದವರಿಗೆ ಪಟ್ಟಿ ಸಲ್ಲಿಸುವುದೂ ಪರವಾನಗಿಯ ನವೀಕರಣದ ಹಾಗೇ ಕಂಡಿರಬೇಕು. ಸದಸ್ಯರಿಗೆ ಲೆಕ್ಕ ಒಪ್ಪಿಸುವುದು ಹಿಂದೆ ಬಿತ್ತು, ಕಚೇರಿಗೆ ಕಾಗದ ಮುಟ್ಟಿಸುವುದು ಮುಂದೆ ಬಂತು.

ನಮ್ಮ ನಡಾವಳಿ ಪುಸ್ತಕವೇ ಇದಕ್ಕೆ ಸಾಕ್ಷಿ. ಐದು ವರ್ಷದ ಮಹಾಸಭೆಗಳು ಒಂದೇ ನೀಲಿ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿವೆ. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂಬ ಸಾಲಂತೂ ಇಪ್ಪತ್ತು ಕಡೆ ಇದೆ. ಕಳ್ಳತನ ಏನೂ ಆಗಿರಲಿಲ್ಲ, ಒಂದು ಕುರ್ಚಿಯೂ ಕಡಿಮೆಯಿಲ್ಲ. ಸಭೆ ಮಾತ್ರ ನಡೆದಿರಲಿಲ್ಲ. ಮೂರನೇ ಒಂದರಷ್ಟು ಸದಸ್ಯರು ಬರೆದುಕೊಟ್ಟರೆ 1960ರ ಕಾಯ್ದೆಯ 25ನೇ ಕಲಮಿನಡಿ ವಿಚಾರಣೆ ನಡೆಯಬೇಕಾಗುತ್ತದೆ. ಪರಿಸ್ಥಿತಿ ಕೆಟ್ಟರೆ 27ಎ ಪ್ರಕಾರ ಆಡಳಿತಾಧಿಕಾರಿ ಬಂದು ಕೂರಬಹುದು. ನಮ್ಮಲ್ಲಿ ಜಗಳವಾಡುವಷ್ಟು ಸದಸ್ಯರೂ ಇರಲಿಲ್ಲ, ಪುಣ್ಯ.

ತಮಾಷೆಯೆಂದರೆ, ನಿಜವಾದ ರಿನೀವಲ್ ಬಂದದ್ದು ಬೇರೆ ಬಾಗಿಲಿಂದ. ಸಂಘಗಳಿಗೆ ಆದಾಯ ತೆರಿಗೆಯಿಂದ ವಿನಾಯಿತಿ ಕೊಡುವ 12ಎ ನೋಂದಣಿ ಒಮ್ಮೆ ಸಿಕ್ಕರೆ ಶಾಶ್ವತ ಎಂದು ನಂಬಿದ್ದೆವು. 2021ರ ಏಪ್ರಿಲ್‌ನಿಂದ ಹಳಬರೆಲ್ಲ ಹೊಸದಾಗಿ ಅರ್ಜಿ ಹಾಕಬೇಕಾಯಿತು, ಸಿಗುವುದು ಐದು ವರ್ಷಕ್ಕೆ. ಗಡುವು ಮತ್ತೆ ಮತ್ತೆ ಮುಂದೆ ಹೋಗಿ 2024ರ ಜೂನ್ 30ಕ್ಕೆ ನಿಂತಿತು. ಸಣ್ಣ ಸಂಸ್ಥೆಗಳಿಗೆ ಅವಧಿಯನ್ನು ಹತ್ತು ವರ್ಷ ಮಾಡಿದ್ದು 2025ರಲ್ಲಿ. ವಿದೇಶಿ ದೇಣಿಗೆಯ ಕತೆಯೂ ಹಾಗೇ: 1976ರ ತುರ್ತುಪರಿಸ್ಥಿತಿಯಲ್ಲಿ ಹುಟ್ಟಿದ ಕಾಯ್ದೆ 2010ರಲ್ಲಿ ಹೊಸ ರೂಪ ತಾಳಿ ನೋಂದಣಿಗೆ ಐದು ವರ್ಷದ ಅವಧಿ ತಂದಿತು. 2020ರ ತಿದ್ದುಪಡಿಯ ಮೇಲೆ ಬೀದರಿನ ಸಂಸ್ಥೆಗೆ ಬರುವ ವಿದೇಶಿ ಹಣವೂ ಮೊದಲು ಸ್ಟೇಟ್ ಬ್ಯಾಂಕಿನ ದಿಲ್ಲಿ ಮುಖ್ಯ ಶಾಖೆಯಲ್ಲೇ ಇಳಿಯಬೇಕು. ಕಂಪನಿಗಳು ಸಮಾಜದ ಕೆಲಸಕ್ಕೆಂದು ಎತ್ತಿಡುವ ಸಿಎಸ್‌ಆರ್ ಹಣ ಬೇಕೆಂದರೆ ಸಿಎಸ್‌ಆರ್-1 ಎಂಬ ನಮೂನೆ ಬೇರೆ.

ನಾವು ಒಂಬತ್ತು ವರ್ಷದ ರಸೀದಿಗಳನ್ನು ಗೋಣಿಚೀಲದಿಂದ ಸುರುವಿ ಆಡಿಟ್ ಮಾಡಿಸಿದೆವು, ತಡವಾದದ್ದಕ್ಕೆ ಶುಲ್ಕ ಕಟ್ಟಿದೆವು. ವಾಚನಾಲಯದ ಕಟ್ಟೆಯ ಮೇಲೆ ನಿಜವಾದ ಮಹಾಸಭೆಯೂ ನಡೆಯಿತು. ಹನ್ನೊಂದು ಜನ ಬಂದಿದ್ದರು. ಪೇಪರ್ ಬಿಲ್ ಯಾಕೆ ಇಷ್ಟು ಎಂದು ಒಬ್ಬರು ಕೇಳಿದರು. ಆ ಪ್ರಶ್ನೆಯನ್ನೂ ನಡಾವಳಿಯಲ್ಲಿ ಬರೆದುಕೊಂಡೆವು.