ಗಿಟಾರಿನ ಅಳತೆ ಯಾರ ಮೈಯದು?

ಧಾರವಾಡದ ಗಾಯಕರು ತಂಬೂರಿ ಬೇಕೆಂದರೆ ಮೀರಜಿನ ಕಡೆ ನೋಡುತ್ತಾರೆ. ಅಲ್ಲಿ ಗಂಡುದನಿಗೆ ಉದ್ದನೆಯದು, ಹೆಣ್ಣುದನಿಗೆ ಗಿಡ್ಡನೆಯದು ಎಂದು ಎರಡು ಬಗೆ ತಯಾರಾಗುತ್ತವೆ. ಷಡ್ಜ ಏರಿದರೆ ತಂತಿ ಗಿಡ್ಡವಾಗಬೇಕು, ಲೆಕ್ಕ ಅಷ್ಟೇ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರಂಥ ಗಡಸು ದನಿಗೆ ‘ಹೆಣ್ಣು’ ತಂಬೂರಿಯ ಏರುಷಡ್ಜ ಹೊಂದುವುದಿಲ್ಲ. ಅಲ್ಲಿ ನೋಡಬೇಕಾದದ್ದು ಹಾಡುವವರ ದನಿಯನ್ನೇ. ಗಿಟಾರಿನಲ್ಲೂ ಹೆಂಗಸರಿಗೆ ಬೇರೆ ಅಳತೆ ಬೇಕೇ ಎಂಬ ಮಾತಿದೆ, ಆದರೆ ಅಲ್ಲಿ ಸ್ವರ ಎಲ್ಲರಿಗೂ ಒಂದೇ. ಹಾಗಾಗಿ ಅಂಗಡಿಯಲ್ಲಿ ಅಳತೆಯೂ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿದೆ, ಡ್ರೆಡ್‌ನಾಟ್.

1916ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಬ್ರಿಟನ್ನಿನ ಯುದ್ಧನೌಕೆಯ ಹೆಸರಿನಲ್ಲಿ ತಯಾರಿಸಿದ ಈ ಆಕಾರದ ಗುರಿ ದೊಡ್ಡ ಸದ್ದು. ಕೆಳಭಾಗದ ಅಗಲ ಸುಮಾರು 40 ಸೆಂಮೀ, ಆಳ 12 ಸೆಂಮೀಗೂ ಹೆಚ್ಚು. ಗಿಡ್ಡ ತೋಳಿನವರು ಇದನ್ನು ತಬ್ಬಿ ಕೂತರೆ ಬಲಭುಜ ಕಿವಿಯತ್ತ ಏರುತ್ತದೆ, ಪೆಟ್ಟಿಗೆಯ ಅಂಚು ಮುಂಗೈಗೆ ಒತ್ತಿ ಬೆರಳು ಜೋಮು ಹಿಡಿಯುತ್ತವೆ. ಎದೆಗೆ ಒತ್ತುತ್ತದೆಂದು ಗಿಟಾರನ್ನು ಮೇಲ್ಮುಖವಾಗಿ ಓರೆ ಮಾಡಿದರೆ ಕತ್ತು ಬಗ್ಗಿಸದೆ ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಗೆರೆಗಳು) ಕಾಣುತ್ತವೆ ನಿಜ, ಆದರೆ ಗಿಟಾರಿನ ಕುತ್ತಿಗೆಪಟ್ಟಿಯೂ ಜೊತೆಗೇ ಹೊರಳುತ್ತದೆ. ತಂತಿ ಮುಟ್ಟಲು ಎಡಗೈ ಮಣಿಕಟ್ಟು ಇನ್ನಷ್ಟು ಮಡಚಲೇಬೇಕು, ಮಡಚಿದ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುತ್ತದೆ. ಮಣಿಕಟ್ಟು ನೋಯುತ್ತದೆಂದು ಬೆರಳ ವ್ಯಾಯಾಮ ಹೇಳಿಕೊಡುವವರು ಬಹಳ. ತೊಂದರೆ ಶುರುವಾದದ್ದು ಪೆಟ್ಟಿಗೆಯ ಆಳದಿಂದ ಎಂದು ನೋಡುವವರು ಕಡಿಮೆ.

ಹಾಗಾದರೆ ಆಳ ಕಡಿಮೆ ಮಾಡಬಹುದಲ್ಲ? ಮಾಡಬಹುದು, ಆದರೆ ಸ್ವರದಲ್ಲಿ ಬೆಲೆ ತೆರಬೇಕು. ಒಳಗಿನ ಗಾಳಿಗೆ ತನ್ನದೇ ಒಂದು ಅನುರಣನವಿದೆ, ಡ್ರೆಡ್‌ನಾಟಿನಲ್ಲಿ ಅದು ಸುಮಾರು 100 ಹರ್ಟ್ಸ್. ಮಂದ್ರದ ತುಂಬುದನಿ ಬಹುಪಾಲು ಅದರದೇ. ಆಳವನ್ನು 12.4 ಸೆಂಮೀಯಿಂದ 10.5ಕ್ಕೆ ಇಳಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಈ ಅನುರಣನ ಒಂದೂವರೆ ಸ್ವರಸ್ಥಾನದಷ್ಟು ಮೇಲೇರಿ ಮಂದ್ರ ತೆಳುವಾಗುತ್ತದೆ. ಕೆನಡಾದ ಗಿಟಾರ್ ಶಿಲ್ಪಿ ಲಿಂಡಾ ಮ್ಯಾಂಜರ್ 1984ರಲ್ಲಿ ಜ್ಯಾಸ್ ಗಿಟಾರ್ ವಾದಕ ಪ್ಯಾಟ್ ಮೆಥೇನಿಗಾಗಿ 42 ತಂತಿಯ ವಾದ್ಯ ಕಟ್ಟುವಾಗ ಇದಕ್ಕೊಂದು ಜಾಣ ದಾರಿ ಕಂಡುಕೊಂಡರು. ನುಡಿಸುವವರ ತೋಳಿನ ಕೆಳಗೆ ಬರುವ ಅಂಚನ್ನು ತೆಳುವಾಗಿಸಿ, ತೊಡೆಯ ಮೇಲಿನ ಅಂಚನ್ನು ಅಷ್ಟೇ ದಪ್ಪವಾಗಿಸಿದರು. ಒಳಗಿನ ಗಾಳಿಯ ಗಾತ್ರ ಬದಲಾಗುವುದಿಲ್ಲ, ತೋಳಿಗೂ ಎದೆಗೂ ಜಾಗ ಸಿಗುತ್ತದೆ.

ಎಲೆಕ್ಟ್ರಿಕ್ ಗಿಟಾರಿಗೆ ಗಾಳಿಪೆಟ್ಟಿಗೆಯ ಹಂಗಿಲ್ಲ. 1954ರ ಸ್ಟ್ರಾಟೋಕ್ಯಾಸ್ಟರ್ ಎಂಬ ಮಾದರಿಯ ಹಿಂಬದಿಯನ್ನು ಕೆತ್ತಿ ಇಳಿಜಾರಾಗಿಸಿದ್ದು ಹಳೆಯ ಹಲಗೆಯ ಅಂಚು ಪಕ್ಕೆಗೆ ಚುಚ್ಚುತ್ತದೆಂಬ ಗಂಡಸರ ದೂರಿನಿಂದ. ಅದನ್ನು ಯಾರೂ ‘ಗಂಡಸರ ಗಿಟಾರ್’ ಎನ್ನಲಿಲ್ಲ! ಸೇಂಟ್ ವಿನ್ಸೆಂಟ್ ಹೆಸರಿನ ಕಲಾವಿದೆ 2016ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯೊಡನೆ ರೂಪಿಸಿದ ಗಿಟಾರು ಸೊಂಟದಲ್ಲಿ ಸಣ್ಣ, ತೂಕದಲ್ಲಿ ಹಗುರ. ‘ಹೆಂಗಸರ ಗಿಟಾರ್’ ಎಂದರೆ ಹೂವಿನಾಕಾರ, ಗುಲಾಬಿ ಬಣ್ಣ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಕೈ. ತಂತಿಯ ಕಂಪಿಸುವ ಉದ್ದವೇ ಸ್ಕೇಲ್. 648 ಮಿಮೀ ಸ್ಕೇಲಿನಲ್ಲಿ ಒಂದರಿಂದ ನಾಲ್ಕನೇ ಫ್ರೆಟ್ಟಿಗೆ 97 ಮಿಮೀ ಅಂತರ, 610ರಲ್ಲಿ 91.6. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಕಿರುಬೆರಳಿಗೆ ದೊಡ್ಡದು. ಬಿಗುವು ಉದ್ದದ ವರ್ಗಕ್ಕೆ ಅನುಗುಣವಾದ್ದರಿಂದ ಅದೇ ತಂತಿ, ಅದೇ ಸ್ವರಕ್ಕೆ ಶೇ. 11ರಷ್ಟು ಸಡಿಲವಾಗುತ್ತದೆ. ಹಾಗೆಂದು ಮಕ್ಕಳ ಮುಕ್ಕಾಲು ಅಳತೆಯ ಗಿಟಾರನ್ನು ಹೆಂಗಸರ ಕೈಗೆ ಕೊಡುವುದು ತಪ್ಪು. ತಂತಿ ತೀರಾ ಸಡಿಲಾಗಿ ಅಗಲಕ್ಕೆ ಬಳುಕಿ ಫ್ರೆಟ್ಟಿಗೆ ಬಡಿದು ಗಿರಗುಟ್ಟುತ್ತದೆ. ನೈಲಾನ್ ತಂತಿ ಮೆತ್ತಗೆಂದು ಕ್ಲಾಸಿಕಲ್ ಗಿಟಾರ್ ಕೊಡಿಸುವವರೂ ಇದ್ದಾರೆ. ಅದರ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸಾಮಾನ್ಯವಾಗಿ 52 ಮಿಮೀ ಅಗಲ, ಸ್ಟೀಲ್ ತಂತಿಯದು 43ರ ಆಸುಪಾಸು. ಬೆರಳ ತುದಿ ಉಳಿಯುತ್ತದೆ, ಅಂಗೈ ಚಾಚಿ ಸಾಯುತ್ತದೆ.

ಹೊಸದು ಕೊಳ್ಳುವ ಮೊದಲು ಇದ್ದದ್ದನ್ನೇ ಹದ ಮಾಡಿಸಿ ನೋಡಬಹುದು. ತೋರುಬೆರಳನ್ನು ಎಲ್ಲ ತಂತಿಗಳ ಮೇಲೂ ಅಡ್ಡ ಒತ್ತುವ ಎಫ್ ಕಾರ್ಡ್ ಹಿಡಿಯಲಾಗದಿದ್ದರೆ ಮೊದಲು ನಟ್ ನೋಡಿ. ಎರಡು ಮತ್ತು ಮೂರನೇ ಫ್ರೆಟ್ಟಿನ ನಡುವೆ ತಂತಿ ಒತ್ತಿದಾಗ ಮೊದಲ ಫ್ರೆಟ್ಟಿನ ಮೇಲೆ ತೆಳುಕಾಗದ ನುಸುಳುವಷ್ಟೇ ಸಂದು ಇರಬೇಕು. ಜಾಸ್ತಿ ಇದ್ದರೆ ನಟ್ಟಿನ ಗೀರನ್ನು ಅರದಿಂದ ತುಸುತುಸುವೇ ಇಳಿಸಬೇಕು. ಅತಿಯಾದರೆ ಬಿಟ್ಟ ತಂತಿ ಗಿರಗುಟ್ಟಿ ಹೊಸ ನಟ್ಟೇ ಬೇಕಾದೀತು. ಆಮೇಲೆ 12ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ: ದಪ್ಪ ತಂತಿಗೆ 2.4 ಮಿಮೀ, ಸಣ್ಣದಕ್ಕೆ 1.8 ಹಿತ. ಆ ಫ್ರೆಟ್ಟು ತಂತಿಯ ನಟ್ಟನಡು, ಆದ್ದರಿಂದ ಅಲ್ಲಿ ಅರ್ಧ ಮಿಮೀ ಇಳಿಸಲು ಸ್ಯಾಡಲಿನ (ಪೆಟ್ಟಿಗೆಯ ಕಡೆ ತಂತಿಗಳನ್ನು ಹೊರುವ ಪಟ್ಟಿ) ತಳದಿಂದ 1 ಮಿಮೀ ತೆಗೆಯಬೇಕು. ಗಾಜಿನ ಮೇಲೆ ಉಜ್ಜುಕಾಗದ ಹಾಸಿ ಉಜ್ಜಿದರೆ ತಳ ಮಟ್ಟಸವಾಗುತ್ತದೆ. ಡೊಂಕಾದರೆ ಒಂದು ತಂತಿ ಜೋರು, ಇನ್ನೊಂದು ಮಂಕು. 12ರ ತಂತಿಯ ಸೆಟ್ (ಮೊದಲ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಪಾಲು) ತೆಗೆದು 10ರದನ್ನು ಹಾಕಿದರೆ ಮೊದಲ ತಂತಿಯ ಬಿಗುವು ಶೇ. 30ರಷ್ಟು ಇಳಿಯುತ್ತದೆ. ಎಳೆತ ಕಡಿಮೆಯಾಗಿ ಕುತ್ತಿಗೆ ಹಿಂದಕ್ಕೆ ಸರಿಯುವುದರಿಂದ ಕುತ್ತಿಗೆಯೊಳಗಿನ ಸಲಾಕೆಯಾದ ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಬೇಕಾಗಬಹುದು.

ಸ್ಯಾಡಲ್ ಉಜ್ಜುವ ಕೆಲಸ ಮಾತ್ರ ಜುಲೈನಲ್ಲಿ ಬೇಡ. ಧಾರವಾಡದ ಮಳೆಗೆ ಮೇಲ್ಹಲಗೆ ತೇವ ಕುಡಿದು ಉಬ್ಬಿ ತಂತಿಯನ್ನು ಎತ್ತಿರುತ್ತದೆ. ಆ ಎತ್ತರಕ್ಕೆ ಉಜ್ಜಿದ ಸ್ಯಾಡಲ್ ಮಾರ್ಚಿನ ಒಣಹವೆಯಲ್ಲಿ ಹಲಗೆ ಕುಗ್ಗಿದಾಗ ಗಿಡ್ಡವಾಗುತ್ತದೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಸ್ಯಾಡಲ್ ಮಾಡಿಸಿ, ಬಿಚ್ಚಿದ್ದರ ಮೇಲೆ ತಿಂಗಳ ಹೆಸರು ಬರೆದು ಗಿಟಾರಿನ ಚೀಲದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.